ಹಿಂದಿನ ಪುಟ ನೋಡದೆ ಪಟ್ಟಿ ನಂಬಬೇಡಿ

ಮಂಗಳೂರು ಕಡೆಯವರಿಗೆ ನಿಲಂಗಾ ಎಲ್ಲಿದೆ ಎಂದು ಮೊದಲು ಹೇಳಬೇಕು. ಬೀದರ್ ಜಿಲ್ಲೆಯ ಗಡಿ ದಾಟಿದರೆ ಸಿಗುವ, ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಒಂದು ತಾಲೂಕು ಕೇಂದ್ರ ಇದು. ನನ್ನ ಉಪ್ಪ ಇಲ್ಲಿ ಪೈಪು, ಪಂಪು, ನಟ್ಟು-ಬೋಲ್ಟಿನ ಅಂಗಡಿ ಇಟ್ಟು ಮೂವತ್ತು ವರ್ಷ ದಾಟಿತು. ನಾವು ಮಕ್ಕಳು ಉಮ್ಮನ ಜೊತೆ ಬಂಟ್ವಾಳದ ಹತ್ತಿರದ ನಮ್ಮ ಊರಲ್ಲೇ ಬೆಳೆದೆವು. ಉಪ್ಪ ವರ್ಷಕ್ಕೆ ಎರಡು ಸಲ ಬರುತ್ತಿದ್ದರು. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಬೈಕಂಪಾಡಿಯಲ್ಲಿ ಸ್ವಲ್ಪ ಕಾಲ, ದಮ್ಮಾಮಿನಲ್ಲಿ ಸ್ವಲ್ಪ ಕಾಲ ದುಡಿದು, ಉಪ್ಪನ ಮೊಣಕಾಲು ಸೋತ ಮೇಲೆ ಇಲ್ಲಿಯ ಗಲ್ಲಾದಲ್ಲಿ ಬಂದು ಕೂತೆ. ಗಿರಾಕಿಗಳಲ್ಲಿ ಹೆಚ್ಚಿನವರದು ಮರಾಠಿ, ಗಡಿ ಹಳ್ಳಿಗಳವರದು ಕನ್ನಡ, ಮೊಹಲ್ಲಾದವರದು ದಖನಿ. ಮನೆಗೆ ಫೋನ್ ಮಾಡುವಾಗ ಮಾತ್ರ ಬ್ಯಾರಿ.

ಕೆಲವು ತಿಂಗಳ ಹಿಂದೆ ನಮ್ಮ ಖಾಯಂ ಗಿರಾಕಿ, ಉಮರ್ಗಾ ಕಡೆಯ ಒಬ್ಬ ಮೇಷ್ಟ್ರು ಪೈಪು ಕಟ್ಟಿಸಿಕೊಳ್ಳುತ್ತಾ ಮೊಬೈಲು ತೋರಿಸಿದರು. ಒಳ್ಳೆಯ ಮನುಷ್ಯ. ಜಗಳಕ್ಕೆ ಬಂದವರಲ್ಲ. “ಭಾಯಿ, ಇದು ನಿಜವಾ?” ಎಂದು ಕೇಳಿದರು. ಎರಡೇ ಸಾಲಿನ ಪಟ್ಟಿ. 1950ರಿಂದ 2015ರವರೆಗೆ ಭಾರತದಲ್ಲಿ ಹಿಂದೂಗಳ ಪಾಲು ಶೇ. 7.82ರಷ್ಟು ಇಳಿಕೆ, ಮುಸ್ಲಿಮರ ಪಾಲು ಶೇ. 43.15ರಷ್ಟು ಏರಿಕೆ. ಒಂದು ಹಸಿರು ಬಾಣ ಮೇಲಕ್ಕೆ, ಒಂದು ಕೇಸರಿ ಬಾಣ ಕೆಳಕ್ಕೆ.

ಈ ಅಂಕಿ ಯಾರೋ ಮನೆಯಲ್ಲಿ ಕೂತು ಕಟ್ಟಿದ್ದಲ್ಲ. ಪ್ರಧಾನಮಂತ್ರಿಗಳ ಆರ್ಥಿಕ ಸಲಹಾ ಮಂಡಳಿ 2024ರ ಮೇ ತಿಂಗಳಲ್ಲಿ ಹೊರತಂದ ಒಂದು ಪ್ರಬಂಧದಲ್ಲಿ ಇದ್ದದ್ದೇ. ಗುಣಾಕಾರ ಭಾಗಾಕಾರದಲ್ಲಿ ಮೋಸವಿಲ್ಲ. ಆದರೆ ಅದೇ ಪ್ರಬಂಧದಲ್ಲಿ ಇನ್ನೂ ನಾಲ್ಕು ಅಂಕಿಗಳಿವೆ. ಮೇಷ್ಟ್ರ ಮೊಬೈಲಿನ ಪಟ್ಟಿಯಲ್ಲಿ ಅವು ಇರಲಿಲ್ಲ. ಬಿಲ್ಲಿನ ಹಿಂಬದಿಯಲ್ಲಿ ಬರೆದು ತೋರಿಸಿದೆ:

ಹಿಂದೂಗಳು – 1950ರಲ್ಲಿ ನೂರಕ್ಕೆ 84.68, 2015ರಲ್ಲಿ 78.06. ವ್ಯತ್ಯಾಸ 6.62.
ಮುಸ್ಲಿಮರು – 1950ರಲ್ಲಿ ನೂರಕ್ಕೆ 9.84, 2015ರಲ್ಲಿ 14.09. ವ್ಯತ್ಯಾಸ 4.25.

ಅಂದರೆ 65 ವರ್ಷಗಳಲ್ಲಿ, ನೂರು ಜನ ನಿಂತಿದ್ದಾರೆ ಎಂದುಕೊಂಡರೆ, ಸುಮಾರು ಹತ್ತು ಇದ್ದವರು ಹದಿನಾಲ್ಕಾದರು. ಆ 4.25ನ್ನು 9.84ರಿಂದ ಭಾಗಿಸಿದರೆ ಸುಮಾರು 43 ಬರುತ್ತದೆ. ಆ 6.62ನ್ನು 84.68ರಿಂದ ಭಾಗಿಸಿದರೆ 7.82 ಬರುತ್ತದೆ. ಒಂದಕ್ಕೆ ಭಾಜಕ ಚಿಕ್ಕದು, ಇನ್ನೊಂದಕ್ಕೆ ದೊಡ್ಡದು. ಎರಡು ಬೇರೆ ಬೇರೆ ತಕ್ಕಡಿಯಲ್ಲಿ ತೂಗಿದ್ದನ್ನು ಅಕ್ಕಪಕ್ಕ ಬರೆದು ಬಾಣ ಹಾಕಿದರೆ ನೋಡಿದವರಿಗೆ ಎದೆ ಝಲ್ ಎನ್ನುತ್ತದೆ. ಮೇಷ್ಟ್ರು ಬಿಲ್ಲನ್ನು ಎರಡು ಸಲ ನೋಡಿ ಜೇಬಿಗೆ ಹಾಕಿಕೊಂಡರು. ಪಟ್ಟಿಯನ್ನು ಅಳಿಸಿದರೋ ಇಲ್ಲವೋ, ನಾನು ಕೇಳಲಿಲ್ಲ.

ಇಷ್ಟೇ ಆಗಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ. ನಮ್ಮ ವಿರುದ್ಧ ಬರುವ ಪಟ್ಟಿಯಲ್ಲಿ ತಪ್ಪು ಹುಡುಕಲು ನಮಗೆ ಯಾರೂ ಕಲಿಸಬೇಕಾಗಿಲ್ಲ. ನಮ್ಮ ಪರವಾಗಿ ಬರುವ, ನಾವೇ ಮಾಡುವ ಪಟ್ಟಿಯನ್ನು ಅದೇ ಕಣ್ಣಿನಿಂದ ನೋಡುತ್ತೇವೆಯೇ ಎಂಬುದು ನನ್ನ ಪ್ರಶ್ನೆ. ಏಕೆಂದರೆ ನಾನೂ ಒಂದು ತಪ್ಪು ಪಟ್ಟಿ ಮಾಡಿದವನು. ಅದರಿಂದ ಒಂದು ಹುಡುಗಿಗೆ ಒಂದು ವರ್ಷ ಹೋಯಿತು.

ಊರಿನಲ್ಲಿ ನಾಲ್ಕು ಮೊಹಲ್ಲಾಗಳ ಜಮಾಅತಿನವರು ಸೇರಿ ಮಕ್ಕಳ ಓದಿಗೆ ಒಂದಿಷ್ಟು ಹಣ ಎತ್ತಿಡುತ್ತಾರೆ. ನಮ್ಮ ರಸ್ತೆಯಲ್ಲಿ ಬಸ್ಸು ಕಡಿಮೆ. ಎಸೆಸೆಲ್ಸಿವರೆಗೆ ಶಾಲೆ ಹತ್ತಿರವೇ ಇದೆ, ಪಿಯುಸಿಗೆ ಎರಡು ಬಸ್ಸು ಬದಲಿಸಬೇಕು. ಹಾಗಾಗಿ ಹುಡುಗಿಯರಿಗೆ ಒಂದು ವ್ಯಾನಿನ ಬಾಡಿಗೆಯನ್ನು ಆ ಹಣದಿಂದ ಕೊಡುತ್ತಿದ್ದರು. ಒಂದು ರಮಝಾನಿನಲ್ಲಿ ನಾನು ಊರಿಗೆ ಹೋದಾಗ ಕಾರ್ಯದರ್ಶಿ ಕಾಕ, “ನೀನು ಇಂಜಿನಿಯರು ಮಾರಾಯ, ಎಕ್ಸೆಲಿನಲ್ಲಿ ಒಂದು ಲೆಕ್ಕ ಮಾಡಿಕೊಡು, ಹಣ ಯಾರಿಗೆ ಕೊಟ್ಟರೆ ಉಪಯೋಗ ಎಂದು ನೋಡುವಾ” ಎಂದರು. ಡಿಪ್ಲೊಮಾದವನನ್ನು ಇಂಜಿನಿಯರು ಎಂದರೆ ಯಾರಿಗೆ ಬೇಡ! ಎರಡು ದಿನ ಕೂತು ಮಾಡಿದೆ. ಕಾಲೇಜು ಸೇರಿದ ಮಕ್ಕಳ ಹೆಸರು ಜಮಾಅತಿನಲ್ಲಿತ್ತು, ಫಲಿತಾಂಶ ಮನೆಮನೆಗೆ ಫೋನ್ ಮಾಡಿ ಕೇಳಿದೆ.

ಹುಡುಗಿಯರು – ಪಿಯುಸಿ ಸೇರಿದವರು 20, ಮುಗಿಸಿದವರು 18. ಶೇ. 90.
ಹುಡುಗರು – ಪಿಯುಸಿ ಸೇರಿದವರು 40, ಮುಗಿಸಿದವರು 24. ಶೇ. 60.

ಬಣ್ಣ ಹಾಕಿ ಪ್ರಿಂಟ್ ತೆಗೆದು ಸಭೆಯಲ್ಲಿ ಹಂಚಿದೆ. ಎಲ್ಲರಿಗೂ ಒಂದೇ ಅರ್ಥವಾಯಿತು: ಹುಡುಗಿಯರು ಚೆನ್ನಾಗಿ ಓದುತ್ತಿದ್ದಾರೆ, ಅಲ್‌ಹಮ್ದುಲಿಲ್ಲಾಹ್, ತೊಂದರೆ ಇರುವುದು ಹುಡುಗರಲ್ಲಿ. ವ್ಯಾನಿನ ಹಣ ನಿಲ್ಲಿಸಿ ಹುಡುಗರ ಟ್ಯೂಷನ್ನಿಗೆ ಕೊಡುವುದು ಎಂದು ತೀರ್ಮಾನವಾಯಿತು. ನಾನು ಮರುದಿನ ನಿಲಂಗಾದ ಬಸ್ಸು ಹತ್ತಿದೆ.

ಮುಂದಿನ ರಮಝಾನಿನಲ್ಲಿ ಪಕ್ಕದ ಮನೆಯ ಮಾಮಿ ಇಫ್ತಾರಿಗೆ ಏನೋ ಕೊಡಲು ಬಂದವರು ಬಾಗಿಲಲ್ಲೇ ನಿಂತು ಕೇಳಿದರು. “ಮೋನೇ, ನಿನ್ನ ಆ ಕಾಗದದಲ್ಲಿ ನನ್ನ ಮಗಳು ಎಲ್ಲಿದ್ದಾಳೆ?” ನಾನು ಯೋಚಿಸಿದೆ. ಪಾಸಾದವರಲ್ಲಿ ಇರಲಿಲ್ಲ. ಫೇಲಾದವರಲ್ಲೂ ಇರಲಿಲ್ಲ. ಎಸೆಸೆಲ್ಸಿ ಪಾಸಾಗಿದ್ದಳು, ವ್ಯಾನ್ ನಿಂತದ್ದರಿಂದ ಆ ವರ್ಷ ಕಾಲೇಜಿಗೆ ಸೇರಲೇ ಇಲ್ಲ. ಸೇರದವಳಿಗೆ ನನ್ನ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ. ಅವಳೊಬ್ಬಳ ಮಾತಲ್ಲ. ಅವಳಿಗಿಂತ ಮೊದಲು, ವ್ಯಾನ್ ಇದ್ದಾಗಲೂ ಸೇರದೆ ಉಳಿದ ಹುಡುಗಿಯರು ಯಾರೂ ಅದರಲ್ಲಿ ಇರಲಿಲ್ಲ.

ಆ ರಾತ್ರಿ ತರಾವೀಹ್ ಮುಗಿಸಿ ಬಂದು ಅದೇ ಹಳೆಯ ಪಟ್ಟಿಯನ್ನು ಮತ್ತೆ ಬಿಡಿಸಿದೆ. ಅದೇ ಬ್ಯಾಚಿನಲ್ಲಿ ಎಸೆಸೆಲ್ಸಿ ಪಾಸಾದ ಎಲ್ಲ ಮಕ್ಕಳ ಹೆಸರನ್ನು ಶಾಲೆಯಿಂದ, ಮದ್ರಸದ ಉಸ್ತಾದರಿಂದ, ಉಮ್ಮನಿಂದ ಕೇಳಿ ಸೇರಿಸಿದೆ.

ಹುಡುಗಿಯರು – ಎಸೆಸೆಲ್ಸಿ ಪಾಸಾದವರು 38, ಪಿಯುಸಿ ಸೇರಿದವರು 20, ಮುಗಿಸಿದವರು 18. ಪಾಸಾದ 38ರಲ್ಲಿ ಶೇ. 47.
ಹುಡುಗರು – ಎಸೆಸೆಲ್ಸಿ ಪಾಸಾದವರು 44, ಪಿಯುಸಿ ಸೇರಿದವರು 40, ಮುಗಿಸಿದವರು 24. ಪಾಸಾದ 44ರಲ್ಲಿ ಶೇ. 55.

ಒಂದೇ ಕಾಲಂ ಸೇರಿಸಿದ್ದಕ್ಕೆ ಕಥೆ ಪೂರ್ತಿ ತಿರುಗಿತು. ಹುಡುಗರು ಕಾಲೇಜಿನ ಒಳಗೆ ಎಡವುತ್ತಿದ್ದಾರೆ, ಹುಡುಗಿಯರು ಕಾಲೇಜಿನ ಗೇಟನ್ನೇ ಕಾಣುತ್ತಿಲ್ಲ. ಎರಡೂ ನಿಜ. ಎರಡಕ್ಕೂ ಮದ್ದು ಬೇರೆ. ನನ್ನ ಮೊದಲ ಪಟ್ಟಿಯಲ್ಲಿ ಒಂದೇ ಒಂದು ಅಂಕಿಯೂ ತಪ್ಪಿರಲಿಲ್ಲ. ಬಿಟ್ಟದ್ದು ಆ 18 ಹುಡುಗಿಯರನ್ನು. ಆ ಹದಿನೆಂಟರಲ್ಲಿ ನಾಲ್ವರು ಶರೀಅತ್ ಕಾಲೇಜಿಗೆ ಸೇರಿದ್ದರು, ಉಳಿದವರು ಮನೆಯಲ್ಲಿದ್ದರು. ಅದನ್ನೂ ಪಟ್ಟಿಯ ಕೆಳಗೆ ಬರೆದೆ. ಜಮಾಅತಿನವರು ಮುಖ ಸಿಂಡರಿಸದೆ ಕೇಳಿದರು, ಹಣವನ್ನು ಎರಡು ಪಾಲು ಮಾಡಿದರು, ವ್ಯಾನ್ ಮತ್ತೆ ಬಂತು. ಮಾಮಿಯ ಮಗಳೂ ಕಾಲೇಜಿಗೆ ಸೇರಿದಳು, ತನ್ನ ಜೊತೆಯವರಿಗಿಂತ ಒಂದು ವರ್ಷ ತಡವಾಗಿ.

ಇದನ್ನು ನಾನು ಉಪ್ಪನಿಗೆ ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಉಪ್ಪ ಓದಿದ್ದು ನಾಲ್ಕನೇ ಕ್ಲಾಸು. ಆದರೆ ಅವರ ಖಾತೆ ಪುಸ್ತಕದಲ್ಲಿ ಪ್ರತಿ ಪುಟದ ಮೊದಲ ಸಾಲು ಹಿಂದಿನ ಪುಟದ ಬಾಕಿ. ಗಿರಾಕಿ “ಈ ತಿಂಗಳು ಇಷ್ಟೇ ತಗೊಂಡದ್ದು” ಎಂದು ವಾದಿಸಿದರೆ ಉಪ್ಪ ಮಾತಾಡದೆ ಪುಟ ತಿರುಗಿಸುತ್ತಿದ್ದರು. ವರ್ಕ್‌ಶಾಪಿನಲ್ಲಿ ನಮಗೆ ಕಲಿಸಿದ್ದೂ ಇದನ್ನೇ. ವರ್ನಿಯರಿನಲ್ಲಿ ಅಳತೆ ತೆಗೆಯುವ ಮೊದಲು ಅದರ ಸೊನ್ನೆ ಸೊನ್ನೆಯಲ್ಲೇ ಇದೆಯೇ ನೋಡು. ಸೊನ್ನೆ ಸರಿದಿದ್ದರೆ ನೀನು ಎಷ್ಟೇ ಜಾಗ್ರತೆಯಿಂದ ಓದಿದರೂ ಅಳತೆ ತಪ್ಪು.

ಹಿಂದಿನ ಪುಟ ನೋಡದ್ದರಿಂದ ಇಡೀ ದೇಶವೇ ಗಲಿಬಿಲಿಯಾದ ಒಂದು ಪಟ್ಟಿ ಇದೆ. 2004ರ ಸೆಪ್ಟೆಂಬರಿನಲ್ಲಿ 2001ರ ಜನಗಣತಿಯ ಧರ್ಮವಾರು ಅಂಕಿಗಳು ಹೊರಬಂದವು. ನಾನಾಗ ಹೈಸ್ಕೂಲು. 1991ರಿಂದ 2001ರ ಹತ್ತು ವರ್ಷದಲ್ಲಿ ಮುಸ್ಲಿಮರ ಬೆಳವಣಿಗೆ ಶೇ. 36, ಅದರ ಹಿಂದಿನ ಹತ್ತು ವರ್ಷದಲ್ಲಿ ಶೇ. 34.5 ಎಂದು ಸುದ್ದಿಯಾಯಿತು. ಬೆಳವಣಿಗೆ ಏರುತ್ತಿದೆ ಎಂದು ಗದ್ದಲವೋ ಗದ್ದಲ.

ಆದದ್ದು ಇಷ್ಟು. 1991ರಲ್ಲಿ ಜಮ್ಮು ಮತ್ತು ಕಾಶ್ಮೀರದಲ್ಲಿ ಜನಗಣತಿ ನಡೆದಿರಲಿಲ್ಲ. 2001ರಲ್ಲಿ ನಡೆಯಿತು. ಅದಕ್ಕೂ ಮೊದಲು, 1981ರಲ್ಲಿ ಅಸ್ಸಾಮಿನಲ್ಲಿ ಗಣತಿ ಆಗಿರಲಿಲ್ಲ. ಮುಸ್ಲಿಮರೇ ಹೆಚ್ಚಿರುವ ಒಂದು ರಾಜ್ಯ ಹಳೆಯ ಮೊತ್ತದಲ್ಲಿ ಇಲ್ಲ, ಹೊಸ ಮೊತ್ತದಲ್ಲಿ ಇದೆ. ಕಳೆದ ವರ್ಷ ನಿಲಂಗಾದಲ್ಲಿ ಒಂದೇ ಅಂಗಡಿ, ಈ ವರ್ಷ ಉದಗೀರಿನಲ್ಲಿ ಇನ್ನೊಂದು ತೆರೆದೆ ಎಂದುಕೊಳ್ಳಿ. ಎರಡೂ ಅಂಗಡಿಯ ವ್ಯಾಪಾರ ಕೂಡಿಸಿ, ಕಳೆದ ವರ್ಷದ ಒಂದು ಅಂಗಡಿಯ ಜೊತೆ ಹೋಲಿಸಿ, ನೋಡಿ ಎಷ್ಟು ಬೆಳೆದೆ ಎಂದರೆ ಉಪ್ಪ ನಗುತ್ತಾರೆ. ಆ ಎರಡು ರಾಜ್ಯಗಳನ್ನು ಎಲ್ಲ ವರ್ಷಗಳಿಂದಲೂ ಬಿಟ್ಟು ಲೆಕ್ಕ ಹಾಕಿದಾಗ ಬಂದದ್ದು ಬೇರೆಯೇ: ಮುಸ್ಲಿಮರ ಬೆಳವಣಿಗೆ ಶೇ. 32.9ರಿಂದ 29.3ಕ್ಕೆ ಇಳಿದಿತ್ತು. ಹಿಂದೂಗಳದು 22.8ರಿಂದ 20ಕ್ಕೆ ಇಳಿದಿತ್ತು. ಎರಡೂ ಕಡೆ ಇಳಿಕೆಯೇ. ಸರಿಪಡಿಸಿದ ಅಂಕಿಯನ್ನು ಜನಗಣತಿ ಇಲಾಖೆಯೇ ಕೊಟ್ಟಿತು. ಆದರೆ ಮೊದಲ ಪಟ್ಟಿ ಓಡಿದಷ್ಟು ವೇಗವಾಗಿ ಎರಡನೆಯದು ಓಡಲಿಲ್ಲ. ಇವತ್ತಿಗೂ 36 ಎಂಬ ಅಂಕಿ ಅಲ್ಲಿ ಇಲ್ಲಿ ಕಾಣಿಸುತ್ತದೆ.

ಭಾಜಕವೇ ಇಲ್ಲದ ಅಂಕಿಗೂ ಇಲ್ಲಿಯದೇ ಒಂದು ಉದಾಹರಣೆ ಇದೆ. 2016ರ ಬರದಲ್ಲಿ ಏಪ್ರಿಲ್ 12ರಂದು ಮೀರಜಿನಿಂದ ಲಾತೂರಿಗೆ ನೀರಿನ ರೈಲು ಬಂತು. ಹತ್ತು ವ್ಯಾಗನ್, ಸುಮಾರು 5 ಲಕ್ಷ ಲೀಟರು. ಐದು ಲಕ್ಷ ಎಂದರೆ ಕೇಳಲು ಸಮುದ್ರ. 2011ರ ಗಣತಿಯಲ್ಲಿ ಲಾತೂರು ನಗರದ ಜನ ಸುಮಾರು 3.8 ಲಕ್ಷ. ಭಾಗಿಸಿದರೆ ತಲೆಗೆ ಒಂದು ಬಾಟಲಿ ನೀರು, ಮೇಲೆ ಸ್ವಲ್ಪ. ರೈಲು ಬೇಡವಾಗಿತ್ತು ಎಂದು ನಾನು ಹೇಳುವುದಿಲ್ಲ. ಬಾಯಾರಿದವನಿಗೆ ಒಂದು ಬಾಟಲಿಯೂ ದೊಡ್ಡದು. ಆದರೆ ಐದು ಲಕ್ಷ ಎಂದು ಮಾತ್ರ ಬರೆದರೆ ಬರ ಮುಗಿದ ಹಾಗೆ ಕಾಣುತ್ತದೆ.

ಇನ್ನು ನಾನು ಕೂತಿರುವ ಊರು. ನಿಲಂಗಾ ಯಾವ ರಾಜ್ಯಕ್ಕೆ ಸೇರಬೇಕು ಎಂಬುದೂ ಒಂದು ಕಾಲಕ್ಕೆ ಪಟ್ಟಿಯ ಪ್ರಶ್ನೆಯೇ ಆಗಿತ್ತು. 1956ರ ನವೆಂಬರ್ 1ರವರೆಗೆ ನಿಲಂಗಾ, ಉದಗೀರ್, ಅಹಮದಪುರ ಮೂರೂ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯ ತಾಲೂಕುಗಳು. ಕನ್ನಡ, ಮರಾಠಿ, ತೆಲುಗು, ಉರ್ದು ಎಲ್ಲ ಕಲಸಿದ ಜಿಲ್ಲೆ. 1955ರ ರಾಜ್ಯ ಪುನರ್ವಿಂಗಡಣಾ ಆಯೋಗ ಹೆಚ್ಚಾಗಿ ಇಡೀ ಜಿಲ್ಲೆಯನ್ನು ಒಂದು ಸಾಲಾಗಿ ಹಿಡಿದು ನೋಡಿತು. ಬೀದರನ್ನು ಒಡೆಯದೆ ಹೈದರಾಬಾದಿನ ಜೊತೆಗೇ ಇಡಿ ಎಂದಿತು. ಮರುವರ್ಷ ಕಾಯಿದೆ ಮಾಡುವಾಗ ಸಾಲನ್ನು ತಾಲೂಕಿಗೆ ಇಳಿಸಿದರು. ಈ ಮೂರು ತಾಲೂಕು ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ ಕಡೆಯದು ಆಂಧ್ರಕ್ಕೆ, ಉಳಿದದ್ದು ಮೈಸೂರಿಗೆ. ಮುಂದೆ ಮಹಾರಾಷ್ಟ್ರ ಹಳ್ಳಿಯನ್ನೇ ಸಾಲಾಗಿ ಹಿಡಿಯಬೇಕೆಂದು ವಾದಿಸಿ ಕರ್ನಾಟಕದ 814 ಹಳ್ಳಿಗಳನ್ನು ಕೇಳಿತು. 1967ರಲ್ಲಿ ಮಹಾಜನ್ ಆಯೋಗ ಮತ್ತೊಂದು ಬಗೆಯಲ್ಲಿ ವಿಂಗಡಿಸಿತು.

ಜನ ಅದೇ ಮನೆಯಲ್ಲಿ ಅದೇ ಮಾತಾಡಿಕೊಂಡು ಇದ್ದರು. ಸಾಲು ಎಷ್ಟು ದೊಡ್ಡದು ಎಂಬುದರ ಮೇಲೆ ಉತ್ತರ ಬದಲಾಯಿತು. ಮರಾಠಿ ಹೆಚ್ಚಿರುವ ತಾಲೂಕು ಎಂದು ಒಂದು ಸಾಲು ಬರೆದಾಗ ಅದರೊಳಗಿನ ಕನ್ನಡದ ಹಳ್ಳಿ ಕಾಣುವುದಿಲ್ಲ. ಕನ್ನಡ ಹೆಚ್ಚಿರುವ ತಾಲೂಕು ಎಂದಾಗ ಅದರೊಳಗಿನ ಮರಾಠಿ ಹಳ್ಳಿಯೂ ಹಾಗೆಯೇ. ಕಾಸರಗೋಡಿನವರಿಗೆ ಇದು ಗೊತ್ತಿದ್ದದ್ದೇ. ತಾಲೂಕನ್ನು ಒಂದೇ ಸಾಲಾಗಿ ಹಿಡಿದಾಗ ಅದು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಬೇರೆ ಹಿಡಿದು ನೋಡಿದ ಮಹಾಜನ್ ಆಯೋಗ ಅದನ್ನು ಕರ್ನಾಟಕಕ್ಕೆ ಕೊಡಿ ಎಂದಿತು. ಅದು ಜಾರಿಗೆ ಬರಲಿಲ್ಲ. ಯಾರ ವಾದ ಸರಿ ಎಂದು ನಾನಿಲ್ಲಿ ತೀರ್ಪು ಕೊಡುವುದಿಲ್ಲ. ಪಟ್ಟಿ ನೋಡುವಾಗ ಸಾಲಿನ ಗಾತ್ರವನ್ನು ಯಾರು, ಯಾಕೆ ಆರಿಸಿದರು ಎಂದು ಕೇಳಿ ಎನ್ನುತ್ತೇನೆ.

ಸಾಲು ಎಂದಾಗ ನಮ್ಮ ಭಾಷೆಯ ಸಾಲು ನೆನಪಾಗುತ್ತದೆ. 2011ರ ಜನಗಣತಿಯಲ್ಲಿ ಹಿಂದಿಗೆ ಸುಮಾರು 52.8 ಕೋಟಿ, ಅಂದರೆ ಶೇ. 43.63 ಎಂದಿದೆ. ಆ ಸಾಲನ್ನು ಬಿಡಿಸಿದರೆ ತಮ್ಮ ತಾಯ್ನುಡಿ ಹಿಂದಿ ಎಂದೇ ಹೇಳಿದವರು ಸುಮಾರು 32.2 ಕೋಟಿ. ಭೋಜಪುರಿಯ ಸುಮಾರು 5 ಕೋಟಿ, ರಾಜಸ್ಥಾನಿ, ಛತ್ತೀಸ್‌ಗಢಿ ಎಲ್ಲ ಅದರ ಹೊಟ್ಟೆಯೊಳಗಿವೆ. ಮಲಯಾಳದ ಸಾಲನ್ನೂ ಹಾಗೆಯೇ ಬಿಡಿಸಿದೆ. ಒಟ್ಟು 3,48,38,819. ಒಳಗೆ ನಾಲ್ಕು ಸಾಲು: ಮಲಯಾಳ 3,47,76,533, ಯೆರವ 26,563, ಪಣಿಯ 22,808, ಇತರೆ 12,915. ಬ್ಯಾರಿ ಇಲ್ಲ. ಕನ್ನಡದ ಕೆಳಗೂ ತುಳುವಿನ ಕೆಳಗೂ ಬ್ಯಾರಿಯ ಸಾಲು ನನಗೆ ಸಿಗಲಿಲ್ಲ.

ದೇಶದಲ್ಲಿ ಹತ್ತು ಸಾವಿರ ಜನ ಒಂದು ತಾಯ್ನುಡಿಯ ಹೆಸರು ಹೇಳಿದರೆ ಜನಗಣತಿ ಅದಕ್ಕೊಂದು ಪ್ರತ್ಯೇಕ ಸಾಲು ತೋರಿಸುತ್ತದೆ. ಯೆರವರಿಗೆ ಆ ಸಾಲು ಸಿಕ್ಕಿದೆ. ನಮಗೆ ಸಿಕ್ಕಿಲ್ಲ. ಆ ‘ಇತರೆ’ ಎಂಬ 12,915 ಜನ ಎಲ್ಲರೂ ನಾವೇ ಎಂದುಕೊಂಡರೂ ನಮ್ಮ ಮಂಗಳೂರಿನ ಕೆಲವು ಮೊಹಲ್ಲಾಗಳಿಗೆ ಸಾಲದು. ಹಾಗಾದರೆ ಉಳಿದವರು ಎಲ್ಲಿಗೆ ಹೋದೆವು? ಗಣತಿಯವರು ಕೇಳಿದಾಗ ಒಬ್ಬರು ಮಲಯಾಳ ಎಂದೆವು, ಒಬ್ಬರು ಉರ್ದು ಎಂದೆವು, ಇನ್ನೊಬ್ಬರು ಕನ್ನಡ ಎಂದೆವು. ಕೆಲವರು ಏನೂ ಹೇಳದೆ, ಬಂದವರೇ ಏನಾದರೂ ಬರೆದುಕೊಂಡರು. ಆಮೇಲೆ ವೇದಿಕೆ ಹತ್ತಿ ಬ್ಯಾರಿಗಳು ಇಷ್ಟು ಲಕ್ಷ ಎನ್ನುತ್ತೇವೆ. ಒಬ್ಬೊಬ್ಬ ಭಾಷಣಕಾರರ ಲಕ್ಷ ಒಂದೊಂದು. ಆ ಲಕ್ಷದ ಹಿಂದಿನ ಪುಟ ಎಲ್ಲಿದೆ ಎಂದು ನಾವು ಯಾರೂ ಕೇಳುವುದಿಲ್ಲ, ಏಕೆಂದರೆ ಕೇಳಲು ಹಿತವಾಗಿರುತ್ತದೆ. ಮೇಷ್ಟ್ರ ಮೊಬೈಲಿನ ಪಟ್ಟಿಯನ್ನು ಫಾರ್ವರ್ಡ್ ಮಾಡಿದವರಿಗೂ ಅದು ಹಿತವಾಗಿಯೇ ಇದ್ದಿರಬೇಕು.

ಮುಂದಿನ ಜನಗಣತಿ 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟು ನಡೆಯಲಿದೆ ಎಂದು 2025ರ ಜೂನಿನಲ್ಲಿ ಕೇಂದ್ರ ಸರಕಾರ ಅಧಿಸೂಚನೆ ಹೊರಡಿಸಿದೆ. ಗಣತಿಯವರು ಮನೆಗೆ ಬಂದಾಗ ಮನೆಯಲ್ಲಿ ಬ್ಯಾರಿ ಮಾತಾಡುವವರು ತಾಯ್ನುಡಿ ‘ಬ್ಯಾರಿ’ ಎಂದು ಹೇಳಿ. ಬರೆದುಕೊಂಡದ್ದನ್ನು ಒಮ್ಮೆ ಓದಿ ತೋರಿಸಲು ಕೇಳಿ. ಎಲ್ಲರೂ ಒಂದೇ ಹೆಸರು ಹೇಳುವುದು ಮುಖ್ಯ. ಮನೆಯಲ್ಲಿ ಉರ್ದು ಮಾತಾಡುವವರು ಉರ್ದು ಎಂದೇ ಹೇಳಬೇಕು, ಸಂಖ್ಯೆ ಹೆಚ್ಚಿಸಲು ಸುಳ್ಳು ಹೇಳುವುದು ಬೇಡ. ನಮಗೆ ಬೇಕಿರುವುದು ದೊಡ್ಡ ಅಂಕಿಯಲ್ಲ, ನಮ್ಮ ಅಂಕಿ.

ಕೊನೆಗೆ, ಜಮಾಅತಿನಲ್ಲೋ ಶಾಲಾ ಸಮಿತಿಯಲ್ಲೋ ಪಟ್ಟಿ ಮಾಡುವ ನನ್ನಂಥ ‘ಇಂಜಿನಿಯರು’ಗಳಿಗೆ, ಅದನ್ನು ಓದುವವರಿಗೆ ನಾನು ಪಾಲಿಸುತ್ತಿರುವ ನಾಲ್ಕು ಮಾತು.

1. ಶೇಕಡಾ ಬರೆದರೆ ಪಕ್ಕದಲ್ಲೇ ‘ಎಷ್ಟರಲ್ಲಿ ಎಷ್ಟು’ ಎಂದೂ ಬರೆಯಿರಿ. ಬರೆದಿಲ್ಲದಿದ್ದರೆ ಕೇಳಿ.
2. ಎರಡು ವರ್ಷ ಹೋಲಿಸುವಾಗ ಎರಡರಲ್ಲೂ ಅದೇ ಊರು, ಅದೇ ಮನೆಗಳು ಇವೆಯೇ ನೋಡಿ.
3. ಒಂದು ಸಾಲಿನೊಳಗೆ ಯಾರನ್ನೆಲ್ಲ ಸೇರಿಸಿದ್ದೀರಿ ಎಂದು ಪಟ್ಟಿಯ ಕೆಳಗೆ ಬರೆಯಿರಿ.
4. ಪಟ್ಟಿಯಲ್ಲಿ ಇಲ್ಲದವರು ಯಾರು? ಫೋನ್ ಎತ್ತದವರು, ಸೇರದವರು, ಊರು ಬಿಟ್ಟವರು. ಲೆಕ್ಕ ಸಿಗದಿದ್ದರೆ ‘ಇವರ ಲೆಕ್ಕ ಸಿಕ್ಕಿಲ್ಲ’ ಎಂದಾದರೂ ಬರೆಯಿರಿ.

ನಾಲ್ಕನೆಯದು ನನಗೆ ಮಾಮಿ ಕಲಿಸಿದ್ದು. ಈಗ ಯಾವ ಪಟ್ಟಿ ಮಾಡಿದರೂ ಪ್ರಿಂಟ್ ತೆಗೆಯುವ ಮೊದಲು ಊರಿಗೆ ಫೋನ್ ಮಾಡಿ ಉಮ್ಮನಿಗೆ ಓದಿ ಹೇಳುತ್ತೇನೆ. ಉಮ್ಮನಿಗೆ ಶೇಕಡಾ ಗೊತ್ತಿಲ್ಲ. ಆದರೆ ನಾಲ್ಕು ಮೊಹಲ್ಲಾದ ಮಕ್ಕಳಲ್ಲಿ ಯಾರ ಹೆಸರು ಬಿಟ್ಟುಹೋಗಿದೆ ಎಂದು ಥಟ್ಟನೆ ಹೇಳುತ್ತಾರೆ.